ಗುಡುಗಿದ ಮರುದಿನ ನೆಟ್ ಇಲ್ಲ

"ಮಳೆ ಬಂದ್ರೆ ನಮ್ಮನೆ ನೆಟ್ ಹೋಗ್ತದೆ ಮಾರಾಯ. ಬಿಸಿಲು ಬಿದ್ದು ಸಂಜೆ ಆಗ್ತಿದ್ದ ಹಾಗೆ ತಾನೇ ಬರ್ತದೆ. ಫೈಬರ್ ಒಳಗೆ ನೀರು ಇಳಿದು, ಆಮೇಲೆ ಒಣಗ್ತದೋ ಎಂತದೋ."

2022ರ ಏಪ್ರಿಲ್‌ನಲ್ಲಿ ದೊಡ್ಡಪ್ಪ ಫೋನ್ ಮಾಡಿ ಹೇಳಿದ ಮೊದಲ ಮಾತು ಇದು. ನಾನು ಬೆಂಗಳೂರಿನಲ್ಲಿದ್ದೆ. ಅವರು ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ. ಗಾಜಿನ ಎಳೆ ನೆನೆದು ಒಣಗುತ್ತದೆ ಅನ್ನುವುದನ್ನು ಕೇಳಿ ನನಗೆ ನಗು ಬಂತು. ನಗಬಾರದಿತ್ತು. ಅವರು ಹೇಳಿದ ಕಾರಣ ತಪ್ಪಿರಬಹುದು, ಆದರೆ ಅವರು ನೋಡಿದ್ದು ಸರಿಯಾಗೇ ಇತ್ತು. ಅದು ನನಗೆ ಅರ್ಥವಾಗಲು ನಾಲ್ಕೈದು ದಿನ ಬೇಕಾಯಿತು.

ಮೊದಲು ಮನೆಯ ಸಾಮಾನಿನ ವಿಚಾರ. ಕಂಪ್ಯೂಟರು 2011ರದ್ದು, ದೊಡ್ಡಪ್ಪನ ಮಗಳು ಇಂಜಿನಿಯರಿಂಗ್ ಸೇರಿದಾಗ ತಂದ ಡೆಸ್ಕ್‌ಟಾಪ್. ಅದರಲ್ಲಿದ್ದುದು ವಿಂಡೋಸ್ 7. ಮೈಕ್ರೋಸಾಫ್ಟ್ ಅದರ ಕೈ ಬಿಟ್ಟಿದ್ದು 2020ರ ಜನವರಿಯಲ್ಲಿ. ದೊಡ್ಡಪ್ಪ ಬಿಟ್ಟಿರಲಿಲ್ಲ. ಜಗಲಿಯಲ್ಲಿ ಫೈಬರಿನ ವೈಫೈ ಡಬ್ಬಿ, ಅಲ್ಲಿಂದ ಗೋಡೆಗುಂಟ ಒಳಕೋಣೆಯ ಕಂಪ್ಯೂಟರಿಗೆ ಒಂದು ಲ್ಯಾನ್ ಕೇಬಲ್. ಡಬ್ಬಿಯೂ ಕಂಪ್ಯೂಟರೂ ಇನ್ವರ್ಟರ್ ಲೈನಿನಲ್ಲಿವೆ. ಹಾಗಾಗಿ ಬರೀ ಕರೆಂಟ್ ಹೋದರೆ ಎರಡಕ್ಕೂ ಏನೂ ಆಗುವುದಿಲ್ಲ. ದೊಡ್ಡಪ್ಪನಿಗೆ ಕಂಪ್ಯೂಟರಿನ ಕೆಲಸ ಮೂರೇ. ಬೆಳಿಗ್ಗೆ ಅಡಿಕೆ ಧಾರಣೆ ನೋಡುವುದು, ಬೇಕಾದಾಗ ಪಹಣಿ ತೆಗೆಯುವುದು, ಭಾನುವಾರ ಮಗಳ ಜೊತೆ ವಿಡಿಯೋ ಕಾಲ್.

ನನಗೆ ಫೋನ್ ಬರುವ ಹೊತ್ತಿಗೆ ಇಬ್ಬರು ಕೈಯಾಡಿಸಿ ಹೋಗಿದ್ದರು. ಮೊದಲನೆಯವನು ಫೈಬರ್ ಹುಡುಗ. ಅವನು ಬಂದು ತನ್ನ ಲ್ಯಾಪ್‌ಟಾಪಿಗೆ ಅದೇ ಲ್ಯಾನ್ ಕೇಬಲ್ ಚುಚ್ಚಿ ನೋಡಿದ್ದಾನೆ. ಎಲ್ಲ ಪುಟಗಳೂ ಫಟಾಫಟ್ ತೆರೆದಿವೆ. "ಲೈನ್ ಸರಿ ಇದೆ ಸಾರ್, ನಿಮ್ಮ ಕಂಪ್ಯೂಟರಲ್ಲಿ ವೈರಸ್" ಎಂದು ಹೇಳಿ ಹೋಗಿದ್ದಾನೆ. ದೊಡ್ಡಪ್ಪ ಸಿಪಿಯು ಡಬ್ಬವನ್ನು ಜೀಪಿನಲ್ಲಿಟ್ಟುಕೊಂಡು ಪೇಟೆಯ ಅಂಗಡಿಗೆ ಹೋಗಿದ್ದಾರೆ. ಅಂಗಡಿಯವನು ಪೂರ್ತಿ ಫಾರ್ಮ್ಯಾಟ್ ಹೊಡೆದು, ಹೊಸದಾಗಿ ಅದೇ ವಿಂಡೋಸ್ ಹಾಕಿ, ಇವರ ಕಣ್ಣೆದುರೇ ನೆಟ್ ತೋರಿಸಿದ್ದಾನೆ. ಮನೆಗೆ ತಂದು ಹಾಕಿದರೆ ಮತ್ತೆ ಇಲ್ಲ. "ನಿಮ್ಮ ಲೈನೇ ಸರಿ ಇಲ್ಲ" ಅಂತ ಅಂಗಡಿಯವನು.

ಅಂದರೆ ಲೈನು ಸರಿ ಇದೆ, ಅದನ್ನು ಕಣ್ಣಾರೆ ನೋಡಿದ್ದಾರೆ. ಕಂಪ್ಯೂಟರೂ ಸರಿ ಇದೆ, ಅದನ್ನೂ ಕಣ್ಣಾರೆ ನೋಡಿದ್ದಾರೆ. ಎರಡನ್ನೂ ಒಂದೇ ಮನೆಯಲ್ಲಿಟ್ಟರೆ ಮಾತ್ರ ಕೂಡುವುದಿಲ್ಲ. ಜಾತಕ ಕೂಡಿ ಬರದವರ ಕತೆಯ ಹಾಗೆ.

ನಾನು ಶುರು ಮಾಡಿದ್ದು ಎಲ್ಲರೂ ಶುರು ಮಾಡುವಲ್ಲಿಂದಲೇ. ಡಬ್ಬಿಯ ಲೈಟುಗಳು. ಫೈಬರ್ ಡಬ್ಬಿಯಲ್ಲಿ ನೋಡಬೇಕಾದ್ದು ಎರಡು. ಪಾನ್ ಅಂತ ಬರೆದಿರುವುದು ಹಸಿರಾಗಿ ನಿಂತಿರಬೇಕು. ಎಲ್‌ಒಎಸ್ ಅಂತ ಬರೆದಿರುವುದು ಉರಿಯಲೇಬಾರದು. ಎಲ್‌ಒಎಸ್ ಕೆಂಪಗೆ ಮಿನುಗಿದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ ಎಂದರ್ಥ. ಮಲೆನಾಡಿನಲ್ಲಿ ಇದು ಮಾಮೂಲಿ. ಫೈಬರ್ ಎಳೆದಿರುವುದು ಕರೆಂಟ್ ಕಂಬಗಳ ಮೇಲೆ, ಎಷ್ಟೋ ಕಡೆ ಮರಗಳ ಮೇಲೆ. ಒಂದು ಕೊಂಬೆ ಬಿದ್ದರೆ ಮುಗಿಯಿತು. ಆದ್ದರಿಂದ ಮಳೆಗೆ ನೆಟ್ ಹೋಗುತ್ತದೆ ಎಂದು ದೊಡ್ಡಪ್ಪ ನಂಬಿದ್ದರಲ್ಲಿ ತಪ್ಪೇನಿಲ್ಲ. ಆದರೆ ಪಾನ್ ಹಸಿರಿತ್ತು, ಎಲ್‌ಒಎಸ್ ಆರಿತ್ತು.

ಇನ್ನೊಂದು ಸಂಗತಿ ನನಗೆ ಹೊಳೆದಿದ್ದು ಅರ್ಧ ಗಂಟೆ ಮಾತಾಡಿದ ಮೇಲೆ. ಅವರ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದೇ ಇಲ್ಲ. ಅವರು ಮಾತಾಡುತ್ತಿದ್ದುದು ಆ ಡಬ್ಬಿಗೆ ಸಿಕ್ಕಿಸಿದ ಲ್ಯಾಂಡ್‌ಲೈನಿನಿಂದ. ಅಂದರೆ ಫೈಬರ್ ಸತ್ತಿದೆ ಎಂಬ ದೂರು ನನಗೆ ತಲುಪುತ್ತಿದ್ದುದೇ ಆ ಫೈಬರಿನ ಮೂಲಕ!

ಸರಿ, ಲೈನ್ ಬಿಟ್ಟು ಕಂಪ್ಯೂಟರಿಗೆ ಬಂದೆ. ಸ್ಟಾರ್ಟ್ ಒತ್ತಿಸಿ, ಸಿಎಂಡಿ ಅಂತ ಟೈಪ್ ಮಾಡಿಸಿ, ಕಪ್ಪು ಕಿಟಕಿ ತೆರೆಸಿದೆ. ದೊಡ್ಡಪ್ಪನಿಗೆ ಆ ಕಪ್ಪು ಕಿಟಕಿ ಬಹಳ ಇಷ್ಟವಾಯಿತು. ಐಪಿಕಾನ್ಫಿಗ್ ಅಂತ ಹೊಡೆಸಿದಾಗ ವಿಳಾಸ 192.168.1.6 ಅಂತ ಬಂತು. ಇದು 169.254 ಅಂತ ಶುರುವಾಗಿದ್ದರೆ ಕಂಪ್ಯೂಟರಿಗೆ ಡಬ್ಬಿಯಿಂದ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದು ಕಟ್ಟಿಕೊಂಡಿದೆ ಎಂದು ಲೆಕ್ಕ. ಹಾಗಾಗಿರಲಿಲ್ಲ. ಡಬ್ಬಿಗೆ, ಅಂದರೆ 192.168.1.1ಕ್ಕೆ, ಪಿಂಗ್ ಹೊಡೆಸಿದೆ, ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ. ಉತ್ತರ ಬಂತು. ಹೊರಗಿನ 8.8.8.8ಕ್ಕೆ ಹೊಡೆಸಿದೆ. ಅಲ್ಲಿಂದಲೂ ಬಂತು. ಅಂಕಿ ಬಿಟ್ಟು ಗೂಗಲ್ ಹೆಸರಿಗೇ ಹೊಡೆಸಿದೆ. ಹೆಸರು ವಿಳಾಸವಾಗಿ ಬದಲಾಯಿತು, ಉತ್ತರವೂ ಬಂತು. ಅಂದರೆ ಡಿಎನ್‌ಎಸ್ ಕೂಡ ಸರಿ. ಮೂಲೆಯ ನೆಟ್‌ವರ್ಕ್ ಗುರುತಿನ ಮೇಲೆ ಹಳದಿ ತ್ರಿಕೋನವೂ ಇರಲಿಲ್ಲ.

"ದೊಡ್ಡಪ್ಪ, ನಿಮ್ಮ ಕಂಪ್ಯೂಟರ್ ಇಂಟರ್ನೆಟ್‌ನಲ್ಲೇ ಇದೆ" ಅಂದೆ.

"ಮತ್ತೆ ಎಂತಕ್ಕೆ ಒಂದೂ ತೆರೆಯೋದಿಲ್ಲ? ಕನೆಕ್ಷನ್ ಎಸ್ಟಾಬ್ಲಿಶ್ ಆಗೋದಿಲ್ಲ ಅಂತ ಇಂಗ್ಲಿಷಲ್ಲಿ ಬರ್ತದೆ."

ಆ ವಾಕ್ಯವನ್ನು ನಾನು ಪೂರ್ತಿ ಓದಿಸಬೇಕಿತ್ತು. ಓದಿಸಲಿಲ್ಲ. ಕನೆಕ್ಷನ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನನ್ನ ತಲೆ ಅದರ ಹಿಂದೆ ಓಡಿತು. ಸ್ವಲ್ಪ ಜಾಸ್ತಿ ಗೊತ್ತಿರುವವರ ರೋಗ ಇದು. ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ ಅಂದ ಕೂಡಲೇ ನನಗೆ ನೆನಪಾಗಿದ್ದು ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಪೊಟ್ಟಣದ ಗರಿಷ್ಠ ಗಾತ್ರ. ಪಿಂಗ್ ಕಳಿಸುವುದು ಪುಟ್ಟ ಪೊಟ್ಟಣ, ಪುಟಗಳು ಬರುವುದು ದೊಡ್ಡ ಪೊಟ್ಟಣಗಳಲ್ಲಿ. ಲಾಗಿನ್ ಕೇಳುವ ಪಿಪಿಪಿಒಇ ಸಂಪರ್ಕಗಳಲ್ಲಿ ಒಂದು ಪೊಟ್ಟಣ ಸಾಮಾನ್ಯವಾಗಿ 1492 ಬೈಟ್ ಮೀರುವಂತಿಲ್ಲ. ಆ ಲೆಕ್ಕ ಎಲ್ಲಾದರೂ ತಪ್ಪಿದರೆ ಸಣ್ಣದು ದಾಟುತ್ತದೆ, ದೊಡ್ಡದು ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆಂದು 1464 ಬೈಟಿನ ಪಿಂಗ್ ಹೊಡೆಸಿದೆ, ತಲೆಬರಹದ 28 ಸೇರಿ ಸರಿಯಾಗಿ 1492. ಪಾಪ, ಅರವತ್ತೆಂಟರ ಮನುಷ್ಯ ಒಂದೊಂದೇ ಅಕ್ಷರ ಹುಡುಕಿ ಹೊಡೆದರು. ಅದಕ್ಕೂ ಉತ್ತರ ಬಂತು. ಆಮೇಲೆ ಪ್ರಾಕ್ಸಿ, ಅಂದರೆ ನಡುವೆ ನಿಂತು ಪುಟ ತಂದುಕೊಡುವ ಸರ್ವರ್, ಇದೆಯಾ ಅಂತ ನೋಡಿಸಿದೆ, ಏನೂ ಇರಲಿಲ್ಲ. ಆಂಟಿವೈರಸ್ ನಿಲ್ಲಿಸಿದೆ, ಏನೂ ಬದಲಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಾಯಿತು, ಬಿಟ್ಟೆವು.

ಅವತ್ತು ಸಂಜೆ ಆರಕ್ಕೆ ಮತ್ತೆ ಫೋನ್. "ಬಂತು ನೋಡು. ನಾನು ಹೇಳಿಲ್ವಾ? ಒಣಗ್ತು."

ನಾಲ್ಕು ದಿನ ಬಿಟ್ಟು ಒಂದು ರಾತ್ರಿ ಜೋರು ಗುಡುಗು ಸಿಡಿಲಂತೆ. ಬೆಳಿಗ್ಗೆ ಏಳೂವರೆಗೆ ಕಂಪ್ಯೂಟರ್ ಹಾಕಿದರೆ ನೆಟ್ ಇಲ್ಲ. ಈ ಸಲ ನಾನು ಏನನ್ನೂ ಹೊಡೆಸಲಿಲ್ಲ. ದೊಡ್ಡಮ್ಮನ ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು ವಾಟ್ಸ್ಯಾಪ್ ಮಾಡಿ, ಇಡೀ ಪರದೆ ಬರಲಿ ಅಂದೆ. ಫೋಟೋ ಬಂದಾಗ ನನ್ನ ಗಡಿಯಾರದಲ್ಲಿ 11 ಗಂಟೆ 10 ನಿಮಿಷ. ಫೋಟೋದ ಬಲಗಡೆ ಕೆಳಮೂಲೆಯಲ್ಲಿ 3:40, ಅದರ ಕೆಳಗೆ 01-01-2011.

ಪರದೆಯ ನಡುವೆ ಕ್ರೋಮ್ ದಪ್ಪ ಅಕ್ಷರದಲ್ಲಿ ಹೇಳುತ್ತಿದ್ದುದೂ ಅದನ್ನೇ. ನಿಮ್ಮ ಗಡಿಯಾರ ಹಿಂದಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಕಂಪ್ಯೂಟರಿನ ತಾರೀಕು ಸಮಯ ತಪ್ಪಿರುವುದರಿಂದ ಖಾಸಗಿ ಕನೆಕ್ಷನ್ ಏರ್ಪಡಿಸಲು ಆಗುತ್ತಿಲ್ಲ ಎಂಬ ವಿವರಣೆ. ದೊಡ್ಡಪ್ಪ ನನಗೆ ಹೇಳಿದ್ದು ಆ ವಾಕ್ಯದ ಒಂದು ತುಂಡು. ಮೇಲಿನ ದಪ್ಪ ಸಾಲು ಅವರ ಕಣ್ಣಿಗೆ ಬಿದ್ದಿಲ್ಲ ಅಂತಲ್ಲ. "ಅದು ಗಡಿಯಾರದ ವಿಷಯ ಅಲ್ವಾ, ನಾನು ಕೇಳಿದ್ದು ನೆಟ್ ವಿಷಯ" ಅಂದರು. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಎರಡಕ್ಕೂ ಏನು ಸಂಬಂಧ ಅಂತ ಯಾರಾದರೂ ಹೇಳಿದ್ದರೆ ತಾನೆ?

ಸಂಬಂಧ ಇರುವುದು ಬೀಗದಲ್ಲಿ. ವಿಳಾಸದ ಪಕ್ಕ ಆಗ ಬೀಗದ ಗುರುತು ತೋರಿಸುತ್ತಿದ್ದ ಎಚ್‌ಟಿಟಿಪಿಎಸ್ ತಾಣಗಳು ಮೊದಲು ತಮ್ಮ ಸರ್ಟಿಫಿಕೇಟ್ ತೋರಿಸುತ್ತವೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. ಬ್ರೌಸರು ಅದನ್ನು ಕಂಪ್ಯೂಟರಿನ ಗಡಿಯಾರದ ಜೊತೆ ತಾಳೆ ನೋಡುತ್ತದೆ. 2022ರಲ್ಲಿ ಇಂಥ ಸರ್ಟಿಫಿಕೇಟಿನ ಆಯುಷ್ಯ ಹೆಚ್ಚೆಂದರೆ 398 ದಿನ ಇತ್ತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಆಗ ಪುಕ್ಕಟೆ ಕೊಡುತ್ತಿದ್ದುದು ಬರೀ 90 ದಿನದ್ದು. 2011ರಲ್ಲಿ ಆ ಸಂಸ್ಥೆಯೇ ಇರಲಿಲ್ಲ. ದೊಡ್ಡಪ್ಪನ ಕಂಪ್ಯೂಟರಿನ ಕಣ್ಣಿಗೆ ಜಗತ್ತಿನ ಎಲ್ಲ ತಾಣಗಳೂ ಇನ್ನೂ ಹುಟ್ಟದ ಮಗುವಿನ ಆಧಾರ್ ಕಾರ್ಡ್ ಹಿಡಿದು ಬಂದವರ ಹಾಗೆ. ಒಳಗೆ ಬಿಡಲಿಲ್ಲ, ಸರಿಯಾಗೇ ಮಾಡಿತು.

ಹಾಗಾದರೆ ಉಳಿದ ಪರೀಕ್ಷೆಗಳು ಯಾಕೆ ಪಾಸಾದವು? ಪಿಂಗ್ ಯಾರ ತಾರೀಕನ್ನೂ ಕೇಳುವುದಿಲ್ಲ. ಡಿಎನ್‌ಎಸ್ ಕೂಡ ಕೇಳಲಿಲ್ಲ. ಹಳದಿ ತ್ರಿಕೋನ ಬರದಿದ್ದುದು ನನಗೆ ಬಹಳ ಇಷ್ಟವಾದ ವಿಚಾರ. ನೆಟ್ ಇದೆಯೋ ಇಲ್ಲವೋ ಅಂತ ತಿಳಿಯಲು ವಿಂಡೋಸ್ 7 ತನ್ನ ಕಂಪನಿಯ ಒಂದು ಪುಟ್ಟ ಕಡತವನ್ನು ತರಿಸಿ ನೋಡುತ್ತದೆ. ಅದರಲ್ಲಿರುವುದು ಎರಡೇ ಪದ. ಆ ಕಡತ ಬರುವುದು ಬೀಗವಿಲ್ಲದ ಹಳೇ ಎಚ್‌ಟಿಟಿಪಿಯಲ್ಲಿ. ಸರ್ಟಿಫಿಕೇಟಿನ ಮಾತೇ ಇಲ್ಲ. ಆದ್ದರಿಂದ 2011ರಲ್ಲಿ ಕೂತೂ ವಿಂಡೋಸು ನೆಟ್ ಸರಿಯಾಗಿದೆ ಅಂತಲೇ ಹೇಳುತ್ತಿತ್ತು.

ಗಡಿಯಾರದ ಮೇಲೆ ಕ್ಲಿಕ್ ಮಾಡಿಸಿ ತಾರೀಕು ಸರಿ ಮಾಡಿಸಿದೆ. ಪುಟ ರಿಫ್ರೆಶ್ ಮಾಡಿದ ಕೂಡಲೇ ಧಾರಣೆ ಬಂತು.

ಆದರೆ ತಾರೀಕು ಹನ್ನೊಂದು ವರ್ಷ ಹಿಂದೆ ಹೋಗಿದ್ದು ಯಾಕೆ? ಉತ್ತರ 3:40ರಲ್ಲೇ ಇತ್ತು. 11:10ರಿಂದ 3 ಗಂಟೆ 40 ನಿಮಿಷ ಕಳೆದರೆ ಏಳೂವರೆ. ಅಂದರೆ ಅವರು ಕಂಪ್ಯೂಟರ್ ಹಾಕಿದ ಗಳಿಗೆಗೆ ಸರಿಯಾಗಿ ಗಡಿಯಾರ ಸೊನ್ನೆಯಿಂದ ಶುರುವಾಗಿದೆ.

ನಮ್ಮಲ್ಲಿ ಆರ್‌ಟಿಸಿ ಅಂದರೆ ಪಹಣಿ. ಮದರ್‌ಬೋರ್ಡಿನಲ್ಲೂ ಒಂದು ಆರ್‌ಟಿಸಿ ಇದೆ, ರಿಯಲ್ ಟೈಮ್ ಕ್ಲಾಕ್. ಕೈಗಡಿಯಾರದಲ್ಲಿರುವಂಥದ್ದೇ, ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಹರಳು ಅದಕ್ಕೆ ತಾಳ ಹಾಕುತ್ತದೆ. ಕಂಪ್ಯೂಟರ್ ಆರಿಸಿದರೂ ಪ್ಲಗ್ ಇರುವಷ್ಟು ಹೊತ್ತು, ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ನಿಂದ ಸಣ್ಣದೊಂದು ಕರೆಂಟ್ ಬರುತ್ತಲೇ ಇರುತ್ತದೆ, ಅದರಲ್ಲೇ ಆ ಗಡಿಯಾರ ಓಡುತ್ತದೆ. ಪ್ಲಗ್ ಕಿತ್ತರೆ ಮಾತ್ರ ಅದನ್ನು ನಡೆಸುವುದು ಬೋರ್ಡಿನ ಮೇಲಿರುವ ಒಂದು ನಾಣ್ಯದಂಥ ಸೆಲ್. ಅದು ಸತ್ತಿದ್ದರೆ ಪ್ಲಗ್ ಕಿತ್ತ ಮೇಲೆ ಗಡಿಯಾರಕ್ಕೆ ಏನೂ ನೆನಪಿರುವುದಿಲ್ಲ. ಮತ್ತೆ ಹಾಕಿದಾಗ ಬೋರ್ಡು ಮಾಡಿದವರು ಬರೆದಿಟ್ಟ ಹುಟ್ಟು ತಾರೀಕಿನಿಂದ ಶುರು.

"ಕಂಪ್ಯೂಟರ್ ಹಾಕಿದಾಗ ಕಪ್ಪು ಪರದೆಯಲ್ಲಿ ಏನಾದರೂ ಕೇಳ್ತದಾ?" ಅಂದೆ.

"ಒಂದೊಂದು ಸಲ ಎಫ್1 ಒತ್ತು ಅಂತದೆ. ಒತ್ತಿದ್ರೆ ಮುಂದೆ ಹೋಗ್ತದೆ. ಅಂಗಡಿಯವನೂ ಒತ್ತಿ ಅಂತಲೇ ಹೇಳಿದ್ದಾನೆ." ಎಷ್ಟು ದಿನದಿಂದ? "ಹೋದ ವರ್ಷದಿಂದ."

ಹೋದ ವರ್ಷದಿಂದ ಆ ಬೋರ್ಡು, ನನ್ನ ಸೆಲ್ ಮುಗಿದಿದೆ ಅಂತ ಅಂಗಲಾಚುತ್ತಿತ್ತು. ಇವರು ಎಫ್1 ಒತ್ತಿ ಬಾಯಿ ಮುಚ್ಚಿಸುತ್ತಿದ್ದರು.

ಇನ್ನು ಪ್ಲಗ್ ಯಾರು ಕೀಳುತ್ತಿದ್ದರು? ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿಸಿತು. "ಗುಡುಗಿದ್ರೆ ನಾನು ಕೀಳ್ತೇನಪ್ಪ. ಕೀಳದೆ ಮತ್ತೆ?" ತಾಮ್ರದ ಟೆಲಿಫೋನ್ ತಂತಿ ಇದ್ದ ಕಾಲದಲ್ಲಿ ಒಂದು ಸಿಡಿಲಿಗೆ ಆ ಮನೆಯ ಮೋಡೆಮ್ ಸುಟ್ಟು ಕರಕಲಾಗಿತ್ತು. ಅವತ್ತಿನಿಂದ ಮೊದಲ ಗುಡುಗಿಗೆ ಎಲ್ಲ ಪ್ಲಗ್ ಕೀಳುವುದು ಅವರ ವ್ರತ. ಅವರು ಮಾಡುತ್ತಿದ್ದುದೇ ಸರಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿದು ಬರುವುದಿಲ್ಲ, ಆದರೆ ಕರೆಂಟ್ ಲೈನಿನಲ್ಲಿ ಈಗಲೂ ಬರುತ್ತದೆ. ಸ್ವಿಚ್ ಆರಿಸುವುದಕ್ಕಿಂತ ಪ್ಲಗ್ ಕೀಳುವುದೇ ವಾಸಿ.

ಇಲ್ಲಿಗೆ ಅಂಗಡಿಯ ಒಗಟೂ ಬಿಡಿಸಿತು. ಅಂಗಡಿಯವನು ವಿಂಡೋಸ್ ಹಾಕುವಾಗ ತಾರೀಕು ಸರಿ ಮಾಡಿದ್ದ, ಅಲ್ಲಿ ನೆಟ್ ಬಂತು. ಜೀಪಿನಲ್ಲಿ ಮನೆಗೆ ತರುವಾಗ ಪ್ಲಗ್ ಎಲ್ಲಿಂದ ಬರಬೇಕು? ದಾರಿಯಲ್ಲೇ 2011 ಆಯಿತು.

ದೊಡ್ಡಪ್ಪನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಅವರ ಕೈಯಲ್ಲಿ ದಾಖಲೆ ಇತ್ತು. ತೋಟದವರ ಮನೆಗಳಲ್ಲಿ ಮಳೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುವ ರೂಢಿ ಇದೆಯಲ್ಲ, ಅದರ ಪಕ್ಕದಲ್ಲೇ ಅವರು ನೆಟ್ ಇಲ್ಲದ ದಿನಗಳಿಗೆ ಕೆಂಪು ಅಡ್ಡಗೆರೆ ಹಾಕಿದ್ದರು. ಅದರ ಫೋಟೋವನ್ನೂ ಕಳಿಸಿದರು. ಏಪ್ರಿಲಿನಲ್ಲಿ ಅಲ್ಲಿಯವರೆಗೆ ಏಳು ದಿನ ಮಳೆ. ಕೆಂಪು ಗೆರೆ ಆರು ದಿನಕ್ಕೆ. ಆದರೆ ಆರರಲ್ಲಿ ಒಂದು ದಿನ ಹನಿಯೂ ಬಿದ್ದಿರಲಿಲ್ಲ. ದೊಡ್ಡಮ್ಮನನ್ನು ಕೇಳಿದರೆ, ಅದು ಸತ್ಯನಾರಾಯಣ ಪೂಜೆಯ ಹಿಂದಿನ ದಿನ, ಕೋಣೆ ಗುಡಿಸಿ ಒರೆಸಲು ಎಲ್ಲ ಎಳೆದಿಟ್ಟಿದ್ದರಂತೆ. ಮಳೆ ಬಂದೂ ನೆಟ್ ಹೋಗದ ದಿನಗಳಲ್ಲಿ ಗುಡುಗಿರಲಿಲ್ಲ. "ಮಳೆ ಅಲ್ಲ, ನಾನು ಪ್ಲಗ್ ಕಿತ್ತ ಮರುದಿನ ಹೀಗಾಗ್ತದೆ ಅಂತ ಅವತ್ತೇ ಹೇಳಿದ್ದೆ. ಇವರು ಕೇಳಬೇಕಲ್ಲ" ಅಂದರು. ದೊಡ್ಡಪ್ಪ ಏನೂ ಹೇಳಲಿಲ್ಲ.

ಎಲ್ಲ ಸರಿ ಹೊಂದಿತು ಅನ್ನುವಾಗ ಒಂದು ತೂತು ಕಂಡಿತು. ಸಂಜೆ ತಾನೇ ಸರಿಹೋಗುತ್ತದೆ ಅಂದಿದ್ದರಲ್ಲ, ಅದು ಹೇಗೆ? ಸೆಲ್ ಸತ್ತ ಗಡಿಯಾರ ತಾನಾಗಿ ಹನ್ನೊಂದು ವರ್ಷ ಮುಂದೆ ಜಿಗಿಯುವುದಿಲ್ಲ. ವಿಂಡೋಸಿಗೆ ನೆಟ್‌ನಿಂದ ಸಮಯ ತರಿಸಿ ತಿದ್ದಿಕೊಳ್ಳಲು ಬರುತ್ತದೆ, ನಿಜ. ಆದರೆ ಮನೆಯ ಕಂಪ್ಯೂಟರುಗಳಲ್ಲಿ ಅದಕ್ಕೊಂದು ಕಟ್ಟು ಹಾಕಿರುತ್ತಾರೆ. ವ್ಯತ್ಯಾಸ 54,000 ಸೆಕೆಂಡು, ಅಂದರೆ 15 ಗಂಟೆಗಿಂತ ಜಾಸ್ತಿ ಇದ್ದರೆ ಅದು ತಿದ್ದುವುದಿಲ್ಲ. ಯಾರೋ ತಪ್ಪು ಸಮಯ ಹೇಳಿ ಮೋಸ ಮಾಡುತ್ತಿರಬಹುದು ಎಂಬ ಎಚ್ಚರಿಕೆ. ಹನ್ನೊಂದು ವರ್ಷ ಅದರ ಕೈಗೆ ಮೀರಿದ್ದು. ಹಾಗಾದರೆ ದಿನಾ ಸಂಜೆ ತಿದ್ದುತ್ತಿದ್ದವರು ಯಾರು?

ಕ್ಯಾಲೆಂಡರಿನಲ್ಲಿ ಒಂದು ಕಡೆ ಮೂರು ದಿನ ಸಾಲಾಗಿ ಕೆಂಪು ಗೆರೆ ಇತ್ತು. ಉಳಿದದ್ದೆಲ್ಲ ಒಂದೊಂದೇ ದಿನ. ಆ ಮೂರು ದಿನ ಮನೆಯಲ್ಲಿ ಏನು ಬೇರೆ ಇತ್ತು ಅಂತ ಕೇಳಿದೆ. ಏನಿಲ್ಲ ಅಂದರು ದೊಡ್ಡಪ್ಪ. ದೊಡ್ಡಮ್ಮನೇ ನೆನಪು ಮಾಡಿಕೊಂಡು, ಪಕ್ಕದ ಮನೆ ಹುಡುಗ ಅಜ್ಜಿ ಮನೆಗೆ ಹೋಗಿದ್ದ ಅಂದರು. ಒಂಬತ್ತನೇ ಕ್ಲಾಸ್ ಮುಗಿಸಿ ರಜೆಯಲ್ಲಿದ್ದ ಹುಡುಗ. ದಿನಾ ಐದಕ್ಕೆ ಬಂದು ಒಂದು ಗಂಟೆ ಕಂಪ್ಯೂಟರಿನಲ್ಲಿ ಕ್ರಿಕೆಟ್ ವಿಡಿಯೋ ನೋಡುತ್ತಾನೆ.

ಅವನನ್ನು ಕರೆಸಿದರು. ಫೋನಿನಲ್ಲಿ ಕೇಳಿದೆ. "ಹೌದು ಅಣ್ಣ, ತಾರೀಕು ಯಾವಾಗ್ಲೂ ತಪ್ಪಿರ್ತದೆ. ನಾನು ಸರಿ ಮಾಡಿ ನೋಡ್ತೇನೆ."

"ಅಜ್ಜನಿಗೆ ಹೇಳಲಿಲ್ವಾ?"

"ಅವರು ಕೇಳ್ಲಿಲ್ಲ."

ನಾನೂ ಕೇಳಿರಲಿಲ್ಲ. ಫೈಬರ್ ಹುಡುಗನೂ ಕೇಳಿರಲಿಲ್ಲ. ಆ ಪುಟವನ್ನು ಮೇಲಿಂದ ಕೆಳಗೆ ಓದಿದ್ದು ಅವನೊಬ್ಬನೇ.

ರಿಪೇರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೇಕಾದ್ದು ಸಿಆರ್2032 ಎಂಬ 3 ವೋಲ್ಟಿನ ಸೆಲ್. ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಒಂದು ಊಟದಷ್ಟೂ ಬೆಲೆ ಇಲ್ಲ. ಆ ಸಂಖ್ಯೆಯಲ್ಲೇ ಅಳತೆ ಇದೆ, 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಪೇಟೆಯ ಅಂಗಡಿಯವರು ಎರಡೂ ಒಂದೇ ಅಂತ 2025 ಕೊಟ್ಟರಂತೆ. ಅದು ಅಷ್ಟೇ ಅಗಲ, ಆದರೆ 2.5 ಮಿ.ಮೀ. ದಪ್ಪ, ಗೂಡಿನಲ್ಲಿ ಸಡಿಲವಾಗುತ್ತದೆ. ಈ ಸಲ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಸೆಲ್ಲಿನ ಮೇಲಿನ ಅಕ್ಷರ ಓದಿ ವಾಪಸ್ ಕೊಟ್ಟು ಬದಲಾಯಿಸಿಕೊಂಡು ಬಂದಿದ್ದರು.

ಮೇ ತಿಂಗಳಲ್ಲಿ ಒಂದು ಉಪನಯನಕ್ಕೆ ಊರಿಗೆ ಹೋದಾಗ ನಾನೇ ಹಾಕಿದೆ. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು, ಒಳಗಿದ್ದ ಹನ್ನೊಂದು ವರ್ಷದ ಧೂಳನ್ನು ಅಂಗಳದಲ್ಲಿ ಊದಿ, ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿ, ಆಮೇಲೆ ಸೆಲ್ಲಿನ ಪಕ್ಕದ ಕೊಕ್ಕೆ ಸರಿಸಿದೆ. ಹಳೆಯದು ಚಿಮ್ಮಿ ಬಂತು. ಮೀಟರ್ ಹಿಡಿದರೆ ಒಂದು ವೋಲ್ಟ್ ಚಿಲ್ಲರೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಒತ್ತಿದೆ. ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ಗೆ ಹೋಗಿ ತಾರೀಕು ಬರೆದು ಉಳಿಸಿದೆ. ಇಲ್ಲಿ ಒಂದು ಎಚ್ಚರಿಕೆ. ಸೆಲ್ ತೆಗೆದರೆ ಬಯೋಸಿನ ಬೇರೆ ಸೆಟ್ಟಿಂಗುಗಳೂ ಮೊದಲಿನ ಸ್ಥಿತಿಗೆ ಹೋಗುತ್ತವೆ. ಹಾರ್ಡ್ ಡಿಸ್ಕಿನದ್ದನ್ನು ಯಾರಾದರೂ ಬದಲಿಸಿ ವಿಂಡೋಸ್ ಹಾಕಿದ್ದರೆ, ಆಮೇಲೆ ನೀಲಿ ಪರದೆ ಬಂದು ನಿಲ್ಲಬಹುದು. ಮೊದಲೇ ಆ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಇವರದ್ದರಲ್ಲಿ ಆ ತೊಂದರೆ ಇರಲಿಲ್ಲ. ದಿನಾ ಎಲ್ಲ ಮರೆಯುತ್ತಿದ್ದ ಬೋರ್ಡು ಅದು, ಹೊಸದಾಗಿ ಮರೆಯಲು ಏನೂ ಉಳಿದಿರಲಿಲ್ಲ.

ಅವತ್ತು ರಾತ್ರಿ ಆಕಾಶ ತಿಳಿಯಾಗಿತ್ತು. ಆದರೂ ದೊಡ್ಡಮ್ಮನಿಗೆ ಪ್ಲಗ್ ಕೀಳಲು ಹೇಳಿದೆ. ಬೆಳಿಗ್ಗೆ ಹಾಕಿದಾಗ ಎಫ್1 ಕೇಳಲಿಲ್ಲ. ತಾರೀಕು ಸರಿ ಇತ್ತು. ಹುಡುಗ ಸಂಜೆ ಬಂದು ನೇರ ಕ್ರಿಕೆಟ್ ಹಾಕಿಕೊಂಡ.

ಜುಲೈಯಲ್ಲಿ ಒಂದು ಮಧ್ಯಾಹ್ನ ದೊಡ್ಡಮ್ಮನ ಮೊಬೈಲಿನಿಂದ ಫೋನ್ ಬಂತು. ಎತ್ತಿದರೆ ದೊಡ್ಡಪ್ಪನ ದನಿ, ಅದರ ಹಿಂದೆ ಕೊಡೆಯ ಮೇಲೆ ಸುರಿಯುವ ಮಳೆಯ ಸದ್ದು. ಸಿಗ್ನಲ್ ಸಿಗುವ ಮನೆ ಹಿಂದಿನ ಗುಡ್ಡ ಹತ್ತಿ ಮಾಡುತ್ತಿದ್ದರು.

"ನೆಟ್ ಇಲ್ಲ ಮಾರಾಯ. ತಾರೀಕು ಸರಿ ಇದೆ. ಎಫ್1 ಕೇಳ್ಲಿಲ್ಲ. ಮನೆ ಫೋನೂ ಸತ್ತಿದೆ. ಎಲ್‌ಒಎಸ್ ಕೆಂಪಗೆ ಮಿನುಗ್ತಾ ಇದೆ. ತಿರುವಿನಲ್ಲಿ ಹಲಸಿನ ಕೊಂಬೆ ಲೈನಿನ ಮೇಲೇ ಬಿದ್ದಿದೆ, ನೋಡಿ ಬಂದೆ. ಫೈಬರ್ ಹುಡುಗನಿಗೆ ಎಲ್ಲ ಹೇಳಿ ಆಯ್ತು. ನಿನಗೆ ಸುಮ್ನೆ ತಿಳಿಸೋಣ ಅಂತ ಮಾಡಿದೆ."